ಅಡುಗೆಮನೆಯವರೆಗೆ ಎಳೆದ ದೀಪ

ಓಣಿಯವರೆಲ್ಲ ಅವರನ್ನು ಟ್ರಂಕ್‌ಕಾಲ್ ತಾತ ಎಂದೇ ಕರೆಯುತ್ತಿದ್ದರು. ಮೂಗಿನ ಮುಂದೆ ನಿಂತವರ ಜೊತೆ ಮಾತಾಡಿದರೂ ಮೂರು ಊರಾಚೆ ಕೇಳಿಸುವಂಥ ಗಂಟಲು. ಹಾಲಿನವನ ಹತ್ತಿರ ಅರ್ಧ ಲೀಟರ್ ಹೆಚ್ಚಿಗೆ ಕೇಳಿದರೆ ಮೇಲಿನ ಮಹಡಿಯವರು ಗಾಬರಿಯಿಂದ ಬಗ್ಗಿ ನೋಡುತ್ತಿದ್ದರು. ಪಾಪ, ಅವರಾದರೂ ಏನು ಮಾಡಿಯಾರು? ಕಿವಿ ಮಂದವಾದವರಿಗೆ ತಮ್ಮ ದನಿಯೂ ಪಕ್ಕದ ಮನೆಯಿಂದ ಬಂದಂತೆ ಕೇಳಿಸುತ್ತದಂತೆ.

ಮೀಸೆ ಚಿಗುರುವ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ಸೇರಿ ಆಪರೇಟರ್ ಆದವರು ಅವರು. ಎದುರಿಗೆ ಗೋಡೆಯಷ್ಟು ಅಗಲದ ಬೋರ್ಡು, ಅದರ ತುಂಬ ಕಡಲೆಕಾಳಿನಷ್ಟು ದೀಪಗಳು. ಊರಿನಲ್ಲಿ ಯಾರಾದರೂ ಫೋನ್ ಎತ್ತಿದರೆ ಅವರ ದೀಪ ಹತ್ತುತ್ತಿತ್ತು. ಇವರು ಅದರ ಕೆಳಗಿನ ತೂತಿಗೆ ವೈರು ಸಿಕ್ಕಿಸಿ "ಹೇಳಿ" ಎನ್ನುತ್ತಿದ್ದರು. ಹಗಲೆಲ್ಲ ಹೇಳಿ, ಹೇಳಿ, ಹೇಳಿ. ಮನೆಗೆ ಬಂದು ಹೆಂಡತಿ ಬಾಗಿಲು ತೆಗೆದರೂ ಬಾಯಿಗೆ ಮೊದಲು ಅದೇ ಬರುತ್ತಿತ್ತಂತೆ. "ಹೇಳೋದು ಬೇಕಾದಷ್ಟಿದೆ, ಮೊದಲು ಚಪ್ಪಲಿ ಬಿಡಿ" ಎನ್ನುತ್ತಿದ್ದರಂತೆ ಆಕೆ. ಮುಂದೆ ಆ ಬೋರ್ಡನ್ನು ಕಳಚಿ ಹಾಕಿದಾಗ ಇವರಿಗೆ ಮೇಜಿನ ಕೆಲಸ ಕೊಟ್ಟರು. ಬೋರ್ಡಿನ ನೆನಪಿಗೆಂದು ಇವರು ಎತ್ತಿಟ್ಟುಕೊಂಡದ್ದು ಒಂದೇ ಒಂದು ದೀಪದ ಮುಚ್ಚಳ, ಬಿಳಿ ಗಾಜಿನದು, ಅಂಗಿಯ ಗುಂಡಿಗಿಂತ ಚಿಕ್ಕದು. ಹೆಂಡತಿ ಹೋದ ಮೇಲೆ ಮಗನ ಮನೆಗೆ ಬರುವಾಗಲೂ ಅದು ಕನ್ನಡಕದ ಡಬ್ಬಿಯಲ್ಲಿ ಕೂತು ಜೊತೆಗೇ ಬಂತು.

ಈ ಮನೆಯಲ್ಲಿ ಈಗ ಒಂದೇ ಪ್ರಶ್ನೆ. ಸೋಮವಾರದಿಂದ ಸೊಸೆ ಮತ್ತೆ ಆಫೀಸಿಗೆ ಹೋಗಬೇಕು. ಕೂಸನ್ನು ಯಾರ ಹತ್ತಿರ ಬಿಡುವುದು?

"ನನ್ನ ಹತ್ರ ಬಿಡಮ್ಮ" ಎಂದು ಮಾವ ಮೊದಲ ದಿನವೇ ಕೈಯೆತ್ತಿದ್ದರು, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ.

ಸೊಸೆಗೆ ಮಾವನೆಂದರೆ ಜೀವ. ಆದರೆ ಕೂಸು ಹುಟ್ಟಿದಂದಿನಿಂದ ಅವಳ ಎದೆಯೊಳಗೆ ಯಾರೋ ಕೂತು ಸದಾ ಬಾಗಿಲು ಬಡಿಯುತ್ತಿದ್ದರು. ಕೂಸು ಅತ್ತರೆ ಯಾಕೆ ಅಳುತ್ತಿದೆಯೋ ಎಂದು ಹೆದರುತ್ತಿದ್ದಳು, ಅಳದಿದ್ದರೆ ಯಾಕೆ ಅಳುತ್ತಿಲ್ಲವೋ ಎಂದು. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿ, ಬಾಗಿಲವರೆಗೆ ಹೋಗಿ, ಸರಿಯಾಗಿ ನೋಡಿದೆನೋ ಇಲ್ಲವೋ ಎಂದು ತಿರುಗಿ ಬರುತ್ತಿದ್ದಳು. ಅಂಥವಳು ಕಿವಿ ಕೇಳದವರ ಹತ್ತಿರ ಮಗುವನ್ನು ಬಿಟ್ಟು ಹೋಗುವುದು ಹೇಗೆ? ಅವರಿಗೆ ಕಿವಿಯ ಮಿಷನ್ನು ಇಲ್ಲವೆಂದೇನಲ್ಲ. ಆದರೆ ಅದು ಮಧ್ಯಾಹ್ನದ ಹೊತ್ತಿಗೆ ಕುಕ್ಕರಿನಂತೆ ಸಿಳ್ಳೆ ಹಾಕಲು ಶುರುಮಾಡುತ್ತಿತ್ತು, ಅವರು ಕಿತ್ತು ಸಕ್ಕರೆ ಡಬ್ಬಿಯ ಪಕ್ಕ ಇಡುತ್ತಿದ್ದರು. ಮೊಬೈಲಿಗೇ ಎಚ್ಚರಿಕೆ ಬರುವ ಹಾಗೆ ಮಾಡೋಣವೆಂದರೆ, ಮಾವನ ಮೊಬೈಲು ಹೆಚ್ಚಾಗಿ ಸಿಗುತ್ತಿದ್ದದ್ದು ವಾಷಿಂಗ್ ಮಷೀನಿನ ಮೇಲೆ, ಒಮ್ಮೆ ಅದರ ಒಳಗೆ.

"ಕೂಸು ಅತ್ರೆ ನಿಮಗೆ ಗೊತ್ತಾಗ್ಬೇಕಲ್ಲ ಮಾವ" ಎಂದು ಅವಳು ಕೂಗಿ ಹೇಳಿದಳು.

"ಗೊತ್ತಾಗೋ ಹಾಗೆ ಮಾಡಿದ್ರೆ?" ಎಂದರು ಅವರು.

ಆಗಲೇ ಹಳೆಯ ಕಂಪ್ಯೂಟರ್ ಊಟದ ಮೇಜಿಗೆ ಬಂದದ್ದು. ಮಗ ಕಾಲೇಜಿಗೆ ಹೋಗುವಾಗ ಅಪ್ಪ ಮಗ ಕೂತು ಜೋಡಿಸಿದ್ದ ಯಂತ್ರ. ಒಳಗಿನದೆಲ್ಲ ಗಟ್ಟಿ, ಹೊರಗಿನ ಡಬ್ಬಿ ಮಾತ್ರ ತುಕ್ಕು ಹಿಡಿದು, ಯಂತ್ರ ಹಾಕುವ ಗುಂಡಿ ಒಳಗೆ ಬಿದ್ದುಹೋಗಿತ್ತು. ಮಗ ಹಳೇ ಸಾಮಾನಿನ ಅಂಗಡಿಯಿಂದ ಖಾಲಿ ಡಬ್ಬಿಯೊಂದನ್ನು ತಂದ. ಮಾವ ಅದರ ಮುಂಭಾಗದಿಂದ ಜೋತುಬಿದ್ದ ತಂತಿಗಳನ್ನು ಭೂತಗನ್ನಡಿಯಲ್ಲಿ ನೋಡುತ್ತ ಕೂತರು. ನೂಲಿನಷ್ಟು ಸಣ್ಣ ತಂತಿಗಳು, ಎರಡೆರಡರ ಜೋಡಿ, ತುದಿಗೆ ಇರುವೆಯಂಥ ಕಪ್ಪು ಪ್ಲಗ್ಗು. ಒಂದು ಜೋಡಿ ಗುಂಡಿಯದು. ಒಂದು, ಯಂತ್ರ ನಡೆಯುತ್ತಿದೆ ಎಂದು ತೋರಿಸುವ ನೀಲಿ ದೀಪದ್ದು. ಇನ್ನೊಂದು, ಡಿಸ್ಕು ಏನಾದರೂ ಬರೆದುಕೊಳ್ಳುವಾಗ ಮಿಣಿಮಿಣಿ ಎನ್ನುವ ಕೆಂಪು ದೀಪದ್ದು.

"ಈ ಕೆಂಪುದು ನಮಗೆ ಬೇಕಾದ್ದು" ಎಂದರು ಮಾವ, ಅಕ್ಕಪಕ್ಕದ ಮನೆಯವರಿಗೂ ತಿಳಿಯುವ ಹಾಗೆ.

ಉಪಾಯ ಅವರದೇ. ಕೂಸಿನ ಕೋಣೆಯ ಕಪಾಟಿನ ಮೇಲೆ ಒಂದು ಮೈಕು. ಸದ್ದಾದಾಗ ಮಾತ್ರ ಅದನ್ನು ರೆಕಾರ್ಡ್ ಮಾಡುವ ಪ್ರೋಗ್ರಾಮೊಂದನ್ನು ಮಗ ಹಾಕಿಕೊಡಬೇಕು. ಕೂಸು ಅತ್ತರೆ ಯಂತ್ರ ಬರೆದುಕೊಳ್ಳುತ್ತದೆ, ಬರೆದುಕೊಂಡರೆ ಕೆಂಪು ದೀಪ ಹತ್ತುತ್ತದೆ. ದೀಪ ಮಾತ್ರ ಡಬ್ಬಿಯ ಮೂತಿಯಲ್ಲಿ ಇರಬಾರದು. ತಂತಿ ಉದ್ದ ಮಾಡಿ, ಬಾಗಿಲ ಚೌಕಟ್ಟಿನ ಗುಂಟ ಹಾಯಿಸಿ, ಅಡುಗೆಮನೆಯಲ್ಲಿ ತಾವು ತರಕಾರಿ ಹೆಚ್ಚುವ ಜಾಗದ ಎದುರಿಗೇ ತರಬೇಕು. ಅದರ ಮೇಲೆ ಕನ್ನಡಕದ ಡಬ್ಬಿಯ ಆ ಬಿಳಿ ಮುಚ್ಚಳ.

"ಅಪ್ಪಾ, ಫ್ಯಾನ್ ಶಬ್ದಕ್ಕೂ, ಬಾಗಿಲು ಬಡಿದ್ರೂ ಹತ್ತತ್ತೆ ಇದು. ಎಷ್ಟು ಸಲ ಅಂತ ಸುಮ್ನೆ ಎದ್ದು ಓಡ್ತೀಯ?" ಎಂದ ಮಗ.

"ಲೈನು ಒದ್ದೆಯಾದ್ರೆ ನಮ್ಮ ಬೋರ್ಡಲ್ಲೂ ಸುಮ್ಸುಮ್ನೆ ಹತ್ತೋದು ಕಣೋ. ಹತ್ತಿದ ಮೇಲೆ ಕೇಳ್ಬೇಕು. ಸುಳ್ಳೋ ನಿಜವೋ ಅಂತ ಕೂತಲ್ಲೇ ಲೆಕ್ಕ ಹಾಕೋದು ಆಪರೇಟರ್ ಕೆಲಸ ಅಲ್ಲ."

ಶನಿವಾರ ಸಂಜೆ ಮಗ ಪ್ರೋಗ್ರಾಮು ಹಾಕಿಕೊಟ್ಟು, ಕೂಸು ಮುಲುಗಿದರೂ ಸಾಕು ಎನ್ನುವಷ್ಟು ಸೂಕ್ಷ್ಮ ಮಾಡಿಟ್ಟು, ಭಾನುವಾರ ಬೆಳಿಗ್ಗೆ ತನ್ನ ಪಾಳಿಗೆ ಹೋದ. ಪರೀಕ್ಷೆಗೆ ಉಳಿದವರು ಮಾವ, ಸೊಸೆ ಮತ್ತು ತೊಟ್ಟಿಲಲ್ಲಿ ಮಲಗಿದ ಪರೀಕ್ಷಾಧಿಕಾರಿ.

ಸೊಸೆ ನಡುಮನೆಯಲ್ಲಿ ನಿಂತಳು. ಅಲ್ಲಿಂದ ಕೋಣೆಯದು, ಅಡುಗೆಮನೆಯದು ಎರಡೂ ಬಾಗಿಲು ಕಾಣುತ್ತಿದ್ದವು. ಮಾವ ಬಟಾಣಿ ಸುಲಿಯುತ್ತ, ದೀಪದ ಮೇಲೇ ಕಣ್ಣಿಟ್ಟು ಕೂತಿದ್ದರು. ಕೋಣೆಯಲ್ಲಿ ಯಂತ್ರದ ನೀಲಿ ದೀಪ ಸರಿಯಾಗಿಯೇ ಉರಿಯುತ್ತಿತ್ತು. ಕೂಸು ಮಿಸುಕಾಡಿತು. ರಾಗ ಎಳೆಯಿತು. ನಂತರ ಬಾಯಿ ಬಿಟ್ಟು ಅತ್ತಿತು.

ಅಡುಗೆಮನೆಯಲ್ಲಿ ಬಿಳಿ ಮುಚ್ಚಳ ಬಿಳಿಯಾಗಿಯೇ ಇತ್ತು. ಕೂಸಿನ ಅಳು ಕಿರುಚಾಟಕ್ಕೆ ತಿರುಗಿತು. ಮಾವ ದೀಪವನ್ನು ನೋಡಿ ಮೆಲ್ಲಗೆ ನಗುತ್ತಿದ್ದರು, ನೆಂಟರ ಬಸ್ಸಿಗೆ ಕಾಯುವವರ ಹಾಗೆ. ಆ ನಗುವನ್ನು ಸೊಸೆಗೆ ನೋಡಲಾಗಲಿಲ್ಲ. ಒಳಗೆ ಅಷ್ಟು ಅಳು, ಹೊರಗೆ ಅಷ್ಟು ನೆಮ್ಮದಿ, ನಡುವೆ ಹತ್ತು ಹೆಜ್ಜೆಯ ಜಾಗ. ನಾಳೆ ಈ ಜಾಗದಲ್ಲಿ ತಾನು ಇರುವುದಿಲ್ಲ.

ಅವಳು ಓಡಿಹೋಗಿ ಕೂಸನ್ನು ಎತ್ತಿಕೊಂಡು ಬಂದು ಅವರ ಮುಂದೆ ನಿಂತಳು. ಕೂಸಿನ ಕೆಂಪಾದ ಮುಖ ನೋಡಿ ಅವರ ನಗು ಅಲ್ಲೇ ಬಾಡಿತು.

"ಅಳ್ತಿತ್ತಾ?"

"ಆಗ್ಲಿಂದ ಅಳ್ತಿದೆ ಮಾವ! ನನ್ನ ಕೈಲಾಗಲ್ಲ. ನಾನು ಡೇಕೇರ್‌ನಲ್ಲೇ ಬಿಡ್ತೀನಿ!"

ಮೆತ್ತಗೆ, ಕೈ ಹಿಡಿದು ಹೇಳಬೇಕಾದ ಮಾತನ್ನು ಗಂಟಲು ಹರಿಯುವಂತೆ ಕೂಗಬೇಕಾಯಿತು. ಕಿವಿ ಕೇಳದವರ ಹತ್ತಿರ ಮೃದುವಾಗಿ ಬೇಡ ಅನ್ನುವುದಕ್ಕೂ ಆಗುವುದಿಲ್ಲ. ಮಾವ ಬಟಾಣಿಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದರು. "ಸರಿ ಕಣಮ್ಮ" ಎಂದರು. ಅವತ್ತು ಮೊದಲ ಸಲ ಅವರ ದನಿ ಅಡುಗೆಮನೆಯನ್ನು ದಾಟಿ ಹೋಗಲಿಲ್ಲ.

ಅವಳು ಕೂಸಿಗೆ ಸ್ನಾನ ಮಾಡಿಸಿ ಬರುವಾಗ ಕೋಣೆಯಲ್ಲಿ ಮಾವನ ಬೆನ್ನು ಕಂಡಿತು. ಡಬ್ಬಿಯ ಪಕ್ಕದ ಬಾಗಿಲು ತೆಗೆದು, ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಮಂಡಿಯೂರಿದ್ದರು. ಪಾಪ, ಇನ್ನೂ ಬಿಟ್ಟಿಲ್ಲವಲ್ಲ ಎನ್ನಿಸಿತು. ಮಾವ ಎದ್ದು ಯಂತ್ರ ಹಾಕಿ, ಅಡುಗೆಮನೆಗೆ ಓಡಿಹೋಗಿ, ದೀಪ ಹತ್ತಿದ್ದನ್ನು ನೋಡಿ, ಅಲ್ಲಿಂದಲೇ ಕೂಗಿದರು.

"ನಮ್ಮ ಬೋರ್ಡಿನ ದೀಪಕ್ಕೆ ಹಿಂದುಮುಂದು ಇರ್ಲಿಲ್ಲಮ್ಮಾ! ಒಳಗೆ ಎಳೆ ಇರೋ ಬಲ್ಬು, ಎರಡು ತಂತಿ ಹೇಗೆ ಹಾಕಿದ್ರೂ ಉರಿಯೋದು. ಇದಕ್ಕಿದೆ! ಪ್ಲಸ್ಸು ಮೈನಸ್ಸು ಅದಲುಬದಲಾದ್ರೆ ಉರಿಯಲ್ಲ. ನೀಲಿದು ಅದೃಷ್ಟಕ್ಕೆ ಸರಿ ಬಿದ್ದಿತ್ತು, ಕೆಂಪುದು ಉಲ್ಟಾ ಬಿದ್ದಿತ್ತು. ಎಷ್ಟು ವರ್ಷದ ಕೈ ಚಾಳಿ ನೋಡು, ನೋಡ್ದೇನೇ ಸಿಕ್ಕಿಸಿಬಿಟ್ಟೆ!"

"ಹೌದಾ ಮಾವ" ಎಂದಳು. ಅವರಿಗೆ ಕೇಳಿಸುವಷ್ಟು ಜೋರಾಗಿ ಹೇಳಲಿಲ್ಲ. ಇವತ್ತು ಉಲ್ಟಾ ಬಿದ್ದದ್ದು ತಂತಿ, ನಾಳೆ ಇನ್ನೇನೋ.

ಮಧ್ಯಾಹ್ನ ಕೂಸು ಹಾಲು ಕುಡಿದು ಮಲಗಿತು. ಅವಳು ತೊಟ್ಟಿಲ ಪಕ್ಕ ನೆಲದ ಮೇಲೆ ಕೂತು ಡೇಕೇರ್‌ನ ಚೀಲ ತುಂಬತೊಡಗಿದಳು. ಅಂಗಿಗಳು, ಚಡ್ಡಿಗಳು, ಬಾಟಲಿ, ಕಚ್ಚಲು ಒಂದು ರಬ್ಬರ್ ಆನೆ. ಅಲ್ಲಿನ ಕೋಣೆ ಅವಳ ಕಣ್ಣಿಗೆ ಕಟ್ಟಿತು. ಸಾಲಾಗಿ ತೊಟ್ಟಿಲುಗಳು, ಎಲ್ಲ ತೊಟ್ಟಿಲಲ್ಲೂ ಅಳು. ಅಲ್ಲಿನ ಆಯಾಗಳೆಲ್ಲ ಕಿವಿ ಚೆನ್ನಾಗಿ ಕೇಳುವವರೇ. ಆದರೆ ಯಾವ ಅಳುವಿಗೆ ಯಾರು ಮೊದಲು ಏಳುತ್ತಾರೆ? ಒಂದು ಪುಟ್ಟ ಕಾಲುಚೀಲದ ಜೋಡಿ ಸಿಗಲಿಲ್ಲ. ಚೀಲವನ್ನೆಲ್ಲ ಬರಿದು ಮಾಡಿ ಹುಡುಕಿದಳು, ಅದು ತನ್ನದೇ ಮಡಿಲಲ್ಲಿತ್ತು. ಅಷ್ಟಕ್ಕೆ ಕಟ್ಟೆಯೊಡೆಯಿತು. ಕೂಸು ಏಳದಿರಲೆಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಬಾಣಂತನದ ದಿನಗಳಿಂದ ಒಳಗೇ ಇದ್ದದ್ದೆಲ್ಲ ಆ ಟವೆಲಿಗೆ ಬಂತು.

ಚಪ್ಪಲಿಯ ಪಟಪಟ ಸದ್ದು. ತಲೆಯೆತ್ತಿದರೆ ಬಾಗಿಲಲ್ಲಿ ಮಾವ. ಕೈ ಒದ್ದೆ, ಒಂದು ಕೈಯಲ್ಲಿ ಇನ್ನೂ ಚಮಚ. ನೇರ ತೊಟ್ಟಿಲಿಗೆ ಬಗ್ಗಿದರು. ಕೂಸು ಎರಡು ಮುಷ್ಟಿಯನ್ನೂ ಕೆನ್ನೆಗೆ ಒತ್ತಿಕೊಂಡು ಗಾಢನಿದ್ದೆಯಲ್ಲಿತ್ತು. ಅವಳು ಮಾಡುತ್ತಿದ್ದಂತೆಯೇ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದರು. ಬೆರಳು ತೆಗೆದರು. ಅನುಮಾನ ಬಂದು ಇನ್ನೊಂದು ಸಲ ನೋಡಿದರು.

ಆಮೇಲೆ ಅವರ ಕಣ್ಣು ಕಪಾಟಿನ ಮೇಲಿನ ಮೈಕಿಗೆ ಹೋಯಿತು, ಅಲ್ಲಿಂದ ಟವೆಲಿಗೆ, ಟವೆಲಿನಿಂದ ಅವಳ ಮುಖಕ್ಕೆ.

ಅವಳು ಏನಿಲ್ಲ ಎನ್ನುವಂತೆ ತಲೆಯಾಡಿಸಿದಳು. ಅವರು ಹೋಗಲಿಲ್ಲ. ಮಂಡಿ ಹಿಡಿದುಕೊಂಡು, ಗೋಡೆಗೆ ಆನಿಕೊಂಡು, ಅವಳ ಪಕ್ಕದಲ್ಲೇ ನೆಲಕ್ಕೆ ಕೂತರು. ಚಮಚವನ್ನು ಜೇಬಿಗೆ ಹಾಕಿಕೊಂಡರು. ಅವರ ಗಂಟಲಿಗೆ ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ, ಪಿಸುಮಾತು ಎಂದು ಅವರು ಅಂದುಕೊಂಡ ದನಿಯಲ್ಲಿ, ಕೇಳಿದರು.

"ಹೇಳಮ್ಮ."

ಹೇಳಬೇಕೆಂದರೆ ಕೂಗಬೇಕು. ಕೂಗಿದರೆ ಕೂಸು ಏಳುತ್ತದೆ. ಅವಳು ಅವರನ್ನೇ ನೋಡಿದಳು. ಅಳುವ ನಡುವೆ ನಗು ನುಗ್ಗಿ ಬಂತು, ತಡೆಯಲಾಗಲಿಲ್ಲ. ಚೀಲವನ್ನು ಹತ್ತಿರ ಎಳೆದುಕೊಂಡು, ಅಂಗಿಗಳನ್ನು ಒಂದೊಂದಾಗಿ ತೆಗೆದು, ಮತ್ತೆ ಕಪಾಟಿನ ಕೆಳಗಿನ ಅರೆಯಲ್ಲಿ ಇಡತೊಡಗಿದಳು. ಚಡ್ಡಿಗಳನ್ನು ಇಟ್ಟಳು. ಕಾಲುಚೀಲವನ್ನು ಇಟ್ಟಳು. ಬಾಟಲಿಯನ್ನು ಮಾವನ ಕೈಗೆ ಕೊಟ್ಟಳು.

ಮಾವ ಬಾಟಲಿಯನ್ನು ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅರ್ಥವಾಯಿತು. ಎದ್ದು, ಕುದಿಯುವ ನೀರಲ್ಲಿ ಹಾಕಲೆಂದು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಡುಗೆಮನೆಗೆ ಹೊರಟರು.

ಬಾಗಿಲು ದಾಟುವ ಹೊತ್ತಿಗೆ ತಿರುಗಿ ನೋಡಿ, ಅಡುಗೆಮನೆಯ ಕಡೆಗೆ ಬೆರಳು ತೋರಿಸಿದರು. ಅವಳು ಮುಂದಕ್ಕೆ ಬಗ್ಗಿ ನೋಡಿದಳು. ನಿಲ್ಲದ ಅವಳ ನಗುವಿಗೆ ಅಲ್ಲಿ ಬಿಳಿ ಮುಚ್ಚಳ ಇನ್ನೂ ಕೆಂಪಗೆ ಮಿಣಮಿಣ ಎನ್ನುತ್ತಿತ್ತು.