ಬೆಕ್ಕಿನ ಮರಿಗಳನ್ನು ಒರೆಸದ ದಿನ

ಅಡುಗೆಕಟ್ಟೆ ಒರೆಸುವ ಬಟ್ಟೆಯಿಂದ ಹುಳಿತ ಹಾಲಿನ ವಾಸನೆ ಬಂದರೆ ನಾನು ಈಗಲೂ ಎರಡೇ ಬೆರಳಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ, ಅದನ್ನು ಬಚ್ಚಲಿಗೆ ಎಸೆದು ಮೂರು ಸಲ ಕೈ ತೊಳೆಯುತ್ತೇನೆ. ಐವತ್ತು ದಾಟಿದ ಹೆಂಗಸು. ಮಕ್ಕಳು ನಗುತ್ತಾರೆ, ನಗಲಿ. ಆ ವಾಸನೆಯ ಹಿಂದೆ ನೆಲೋಗಿಯಲ್ಲಿದ್ದ ನಮ್ಮ ಆಯಿಯ, ಅಂದರೆ ಅವ್ವನ ತಾಯಿಯ ಮನೆಯಿದೆ. ಮಣ್ಣಿನ ಮಾಳಿಗೆ, ಜೋಳದ ಚೀಲ ಪೇರಿಸಿದ ಕತ್ತಲ ಕೋಣೆ, ಅದರ ಮೂಲೆಯಲ್ಲಿ ಹರಿದ ಕೌದಿಯ ಮೇಲೆ ಮೂರು ಬೆಕ್ಕಿನ ಮರಿ. ಬೇಸಿಗೆ ರಜೆಯಲ್ಲಿ ಅಲ್ಲಿ ಆಯಿ ಮತ್ತು ನಾನು, ಇಬ್ಬರೇ. ಆ ಮನೆ ಈಗಿಲ್ಲ. ನಿಮಗೂ ಅಂಥದೊಂದು ಮನೆ ಇದ್ದಿರಬೇಕು, ವಾಸನೆಯಷ್ಟೇ ಉಳಿದಿರಬೇಕು.

ಆಗತಾನೇ ಹುಟ್ಟಿದ ಮರಿಗಳು ಮುದ್ದಾಗಿರುತ್ತವೆ ಎನ್ನುವವರು ಅವನ್ನು ಹತ್ತಿರದಿಂದ ನೋಡಿಲ್ಲ. ಕಣ್ಣು ಬಿಡದ, ಒದ್ದೆ ಇಲಿಯಂಥ ಜೀವಗಳು. ಹೊಕ್ಕುಳಿಗೆ ಒಣಗಿದ ಕರುಳುಬಳ್ಳಿಯ ತುಂಡು. ತಾಯಿಯದು ಇನ್ನೂ ಹೇಸಿಗೆ: ಕಣ್ಣಲ್ಲಿ ಪಿಚ್ಚು, ಬಾಲದ ಕೆಳಗೆ ಹಳದಿ ಕೀವು, ಅದರ ಮೇಲೆ ನೊಣ. ಅದು ಮರಿಗಳನ್ನು ಬಿಟ್ಟು ಹಿತ್ತಲಿನ ತೊಗರಿ ಕಟ್ಟಿಗೆಯ ಸಂದಿಗೆ ಹೋಗಿ ಮಲಗತೊಡಗಿತು. ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಮುಂದಿನ ಮನೆ ಹುಡುಕಲು ಹೋಗಿದೆ, ಈಗ ಮರಿ ಮುಟ್ಟಿದರೆ ಮನುಷ್ಯರ ವಾಸನೆ ಹತ್ತಿ ತಾಯಿ ಒಲ್ಲೆನ್ನುತ್ತದೆ ಎಂದು ಆಯಿ ನನ್ನನ್ನು ಕೋಣೆಗೇ ಬಿಡಲಿಲ್ಲ. ದಿನವೆಲ್ಲ ಮರಿಗಳು ಚೀರಿದವು. ನಾವು ತಿಳಿದವರಂತೆ ಹೊರಗೆ ಕೂತೆವು. ಮರುದಿನ ಮುಂಜಾನೆ ಪಕ್ಕದ ಮನೆಯ ಹುಸೇನಬೀ ಬಂದಳು. ಆಡು ಸಾಕಿದವಳು, ಚಿಕ್ಕವ್ವನೆಂಬಂತೆ ನಾನು ಖಾಲಾ ಎಂದು ಕರೆಯುತ್ತಿದ್ದವಳು. ಹಿತ್ತಲಿಗೆ ಹೋಗಿ ಬೆಕ್ಕನ್ನು ನೋಡಿ ಬಂದು, “ಆಯೀ, ಅದು ಮನಿ ಹುಡುಕಾಕ ಹೋಗಿಲ್ರಿ. ಸಾಯಾಕ ಜಾಗಾ ಹುಡುಕ್ಯಾದ,” ಎಂದಳು.

ಸಂಜೆಗೆ ಬೆಕ್ಕು ಸತ್ತಿತು. ಹತ್ತಿಯ ಬತ್ತಿಯನ್ನು ಆಡಿನ ಹಾಲಿಗೆ ಅದ್ದಿ ಮರಿಗಳಿಗೆ ಚೀಪಿಸುವುದನ್ನು ಖಾಲಾ ಕಲಿಸಿದಳು. ತಾಯಿ ನೆಕ್ಕದಿದ್ದರೆ ಮರಿಗೆ ಉಚ್ಚೆಯೂ ಬರುವುದಿಲ್ಲವಂತೆ, ಕಟ್ಟಿಕೊಂಡು ಸಾಯುತ್ತದಂತೆ. ಹಾಗಾಗಿ ಹಾಲು ಕುಡಿಸಿದಾಗೊಮ್ಮೆ ಬಿಸಿನೀರಿನ ಬಟ್ಟೆಯಿಂದ ಹಿಂದೆ ಒರೆಸಬೇಕಂತೆ. ಆಯಿ ಒರೆಸಿದಳು. ಬಟ್ಟೆಗೆ ಬೇಳೆ ಬಣ್ಣದ ಹೇಲು ಹತ್ತಿದರೆ ಹಬ್ಬವಾದಂತೆ ನನಗೆ ತೋರಿಸುವಳು; ನಾನು ಓಕರಿಸುತ್ತ ಓಡುವೆನು. “ನೀ ಸಣ್ಣಾಕಿದ್ದಾಗ ಅತ್ತರ ಉಚ್ಚಿ ಹೊಯ್ತಿದ್ದೇನು ಬೇ?” ಎಂದು ಖಾಲಾ ಕಾಡುತ್ತಿದ್ದಳು.

ಐದನೆಯ ದಿನ ಆಯಿ ಕಣ್ಣು ತೋರಿಸಲು ಜೇವರ್ಗಿಗೆ ಹೋದಳು. ಖಾಲಾ ಆಡು ಹೊಡೆದುಕೊಂಡು ಹೋಗಿದ್ದಳು. ಹನ್ನೊಂದು ವರ್ಷದ ನಾನು ಹಾಲು ಕುಡಿಸಿದೆ. ಆಮೇಲೆ ಬಟ್ಟೆ ಎತ್ತಿಕೊಂಡೆ. ಹುಳಿತ ಹಾಲು, ಉಚ್ಚೆ ಕೂಡಿದ ಆ ನಾತ ಮೂಗಿಗೆ ಬಡಿಯಿತು. ಇಟ್ಟುಬಿಟ್ಟೆ. ಅಲ್ಲಿಂದ ಸಂಜೆಯವರೆಗೂ ಚಿಂತೆ ಮಾಡಿದೆ. ಆ ವಿದ್ಯೆಯಲ್ಲಿ ನಾನು ಆಗಲೇ ಪಳಗಿದ್ದೆ. ಬಾಗಿಲ ಸಂದಿಯಿಂದ ಇಣುಕಿದೆ, ಕೈ ತೊಳೆದೆ, ದೇವರಿಗೆ ಮುಗಿದೆ, ಪಾಪವೆಂದು ಇನ್ನೆರಡು ಸಲ ಹಾಲೂ ಕುಡಿಸಿದೆ. ಒರೆಸುವುದೊಂದು ಬಿಟ್ಟು ಎಲ್ಲ ಮಾಡಿದೆ.

ಬಸ್ಸಿಳಿದು ಬಂದ ಆಯಿ, “ಒರಸೀದಿ?” ಎಂದಳು. “ಹ್ಞೂ,” ಎಂದೆ. ಎಲ್ಲಕ್ಕಿಂತ ಸಣ್ಣ ಮರಿ, ಹೊಟ್ಟೆ ಹಲಗೆಯಂತೆ ಬಿಗಿದು ಸತ್ತು ಬಿದ್ದಿತ್ತು. ಆಯಿ ಬಟ್ಟೆಯನ್ನು ಎತ್ತಿ ನೋಡಿದಳು. ಒಣಗಿ ಸೆಟೆದುಕೊಂಡಿತ್ತು. ಉಳಿದೆರಡನ್ನು ಮಡಿಲಲ್ಲಿಟ್ಟು ತಾನೇ ಒರೆಸತೊಡಗಿದಳು. ನಾನು ಅಳುತ್ತ ಕೈ ಚಾಚಿದೆ. “ಬ್ಯಾಡವ್ವ, ನಿನಗ ಹೇಸಿಗಿ ಬರ್ತದ,” ಎಂದಳು, ಚುಚ್ಚುವಂತೆ ಅಲ್ಲ, ನಿಜವಾದ ಅಕ್ಕರೆಯಿಂದ. ಅವೆರಡು ಬದುಕಿದವು.

ಆಮೇಲೆ ಆ ಮನೆಯಲ್ಲಿ ನನಗೆ ಯಾರೂ ಹೊಲಸು ಕೆಲಸ ಹೇಳಲಿಲ್ಲ. ಆಯಿ ತೀರಿಕೊಂಡಾಗ ನನಗೆ ಇಬ್ಬರು ಮಕ್ಕಳು. ಅವರದು ಬೇಕಾದಷ್ಟು ಬಳಿದಿದ್ದೆ, ತೊಳೆದಿದ್ದೆ. ಅವಳ ಮೈಗೆ ಕಡೆಯ ಸಲ ನೀರು ಹಾಕಲು ಓಣಿಯ ಹೆಂಗಸರು ಅಂಗಳದಲ್ಲಿ ಸೇರಿದರು. ಬಿಸಿನೀರಿನ ಕೊಡ ಹೊತ್ತು ಬಂದ ಖಾಲಾ ನನ್ನ ಹೆಗಲು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. “ನೀ ದೂರ ನಿಲ್ಲವ್ವ. ಆಯಿನೇ ಹೇಳ್ಯಾಳ, ನಿನಗ ತಡಿಯಾಂಗಿಲ್ಲ ಅಂತ.” ಸೀರೆ ಅಡ್ಡ ಹಿಡಿದರು. ಅದರಾಚೆ ನೀರು ಸುರಿಯುವ ಸದ್ದು. ನಾನು ದೂರವೇ ನಿಂತೆ.