ಎರಡು ಸಲ ಬರೆದ ಹೆಸರು

ನೊವೊಸಿಬಿರ್ಸ್ಕಿನ ಡೇಟಾಬೇಸ್ ಕಚೇರಿಯಲ್ಲಿ ಪ್ಲಾತೋನ್ ಸಾವ್ವಿಚ್ ವೆತ್ಲೂಗಿನ್ ಅವರ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷದಿಂದ ಕೂತಿರುವ ರಿಮ್ಮಾಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಕೇಳಿದ್ದನ್ನೇ ಮತ್ತೆ ಕೇಳಿದರೆ ಈ ಮನುಷ್ಯನಿಗೆ ಮೈಯೆಲ್ಲ ಉರಿಯುತ್ತದೆ. ಎರಡನೇ ಸಲ "ಚಹಾ ಬೇಕಾ?" ಅಂದರೆ, "ಆಗಲೇ ಕೇಳಿದ್ರಲ್ಲ, ಅಷ್ಟರಲ್ಲಿ ನಾನೇನು ಬೇರೆಯವನಾಗಿಬಿಟ್ನಾ?" ಎಂದು ಗುರ್ ಎನ್ನುತ್ತಾರೆ. ಕನ್ನಡಿ ಎದುರು ನಿಲ್ಲಿಸಿದರೆ ಇಬ್ಬರಲ್ಲಿ ಒಬ್ಬರನ್ನು ಅಳಿಸಿಯೇ ಬಿಡುತ್ತಾರೆ ಎಂದು ಕಚೇರಿಯವರೆಲ್ಲ ನಗುತ್ತಾರೆ. ಇವರ ಕೆಲಸವೂ ಅದೇ. ಮಾಹಿತಿ ಹುಡುಕಲು ಯಂತ್ರಕ್ಕೆ ಹಾಕುವ ಎಷ್ಟೋ ಪ್ರಶ್ನೆಗಳು ಒಂದೇ ಪಟ್ಟಿಯನ್ನು ಎರಡು ಹೆಸರಿನಿಂದ ಕರೆದು, ಒಂದು ಸಾಲನ್ನು ಅದೇ ಸಾಲಿಗೆ ಜೋಡಿಸಿ ಒದ್ದಾಡುತ್ತವೆ. ಎರಡನೆಯದು ದಂಡ ಎಂದು ಮೊದಲೇ ಗುರುತಿಸಿ ಕೈಬಿಡಲು ಯಂತ್ರಕ್ಕೆ ಕಲಿಸುವವರು ಇವರು. ಅರ್ಧ ಗಂಟೆ ಏದುಸಿರು ಬಿಡುತ್ತಿದ್ದ ಪ್ರಶ್ನೆ ಇವರ ಕೈ ತಾಗಿದ್ದೇ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಕೊಡುವುದನ್ನು ಕಂಡು ರಿಮ್ಮಾ ಇವತ್ತಿಗೂ ಬೆರಗಾಗುತ್ತಾಳೆ. ಅದಕ್ಕಿಂತ ದೊಡ್ಡ ಬೆರಗೆಂದರೆ, ಅಳಿಸುವುದಕ್ಕೆ ಇವರಷ್ಟು ಹೆದರುವವರೂ ಇನ್ನೊಬ್ಬರಿಲ್ಲ. ಎರಡೂ ಒಂದೇ ಸಾಲು ಎನ್ನಲು ನಾಲ್ಕು ಪುಟದ ಸಾಕ್ಷಿ ಕೇಳುತ್ತಾರೆ. ಮೊನ್ನೆ ಒಂದು ಪಟ್ಟಿಯ ಎರಡು ಸಾಲುಗಳ ಮುಂದೆ ಇವರು ಹೀಗೇ ಕೂತಾಗ ಅವಳ ತಾಳ್ಮೆ ಕೆಟ್ಟಿತು. "ಮನೆತನದ ಹೆಸರು ಅದೇ, ಇನಿಷಿಯಲ್ ಅದೇ, ಹುಟ್ಟಿದ ತಾರೀಖೂ ಅದೇ. ಒಬ್ಬನೇ ಅಂತ ಮಗುವಿಗೂ ಗೊತ್ತಾಗುತ್ತೆ. ಅಳಿಸಿ ಮಾರಾಯ್ರೆ!" ಪ್ಲಾತೋನ್ ಸಾವ್ವಿಚ್ ಚಹಾ ಲೋಟ ಮೆಲ್ಲಗೆ ಕೆಳಗಿಟ್ಟರು. "ನಮ್ಮೂರ ಶಾಲೆ ಗುಮಾಸ್ತೆನೂ ಹಾಗೇ ಅಂದ್ಲು, ರಿಮ್ಮಾ. ವೆತ್ಲೂಗಿನ್ ಪಿ. ಎಸ್., ಮಾರ್ಚ್ ಒಂಬತ್ತು, ಯಾರೋ ಎರಡು ಸಲ ಬರೆದಿದಾರೆ ಅಂತ ಒಂದನ್ನ ಹೊಡೆದುಹಾಕಿದ್ಲು. ನನ್ನ ಅವಳಿ ಅಣ್ಣ ಪ್ರೋಖೋರ್ ಆ ವರ್ಷ ಶಾಲೆಗೆ ಹೋದ. ಹೊಡೆದುಹಾಕಿದ ಸಾಲು ನಾನು."