ತೂತು ಮುಚ್ಚಿದವನು ನಾನೇ

ಅಡುಗೆಮನೆ ಗೋಡೆಯ ತೂತು ಮುಚ್ಚಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅಮ್ಮನ ಮೇಲೆ ಗೂಬೆ ಕೂರಿಸಿದೆ ಅನ್ನಿಸಿಕೊಳ್ಳುವುದು ಬೇಡ.

ವಿಜಯನಗರದ ನಮ್ಮ ಬೀದಿಗೆ ಪೈಪ್ ಗ್ಯಾಸ್ ಬಂದಾಗ, ಒಲೆ ಜೋಡಿಸಲು ಬಂದ ಮೆಕ್ಯಾನಿಕ್ ಸೂರಿನ ಹತ್ತಿರ ಗೋಡೆ ಕೊರೆದು ಅಂಗೈ ಅಗಲದ ತೂತು ಮಾಡಿದ. "ಇದು ಸಿಲಿಂಡರ್ ಗ್ಯಾಸ್ ಥರ ಕೆಳಗೆ ಕೂರಲ್ಲ ಸಾರ್, ಮೇಲಕ್ಕೇರುತ್ತೆ. ಲೀಕ್ ಆದ್ರೆ ಇಲ್ಲಿಂದಾನೇ ಆಚೆ ಹೋಗ್ಬೇಕು, ಯಾವತ್ತೂ ಮುಚ್ಚಬೇಡಿ. ವಾಸನೆ ಬಂದ್ರೆ ವಾಲ್ವ್ ತಿರುಗಿಸಿ, ಕಿಟಕಿ ತೆಗೀರಿ, ಸ್ವಿಚ್ ಮಾತ್ರ ಮುಟ್ಟಬೇಡಿ" ಎಂದ. ನಾನು ತಲೆಯಾಡಿಸಿದೆ. ಮೂವತ್ತು ವರ್ಷ ಮೇಷ್ಟ್ರಾಗಿದ್ದವನು. ಕೇಳಿಸಿಕೊಂಡವರಂತೆ ಕಾಣುವುದು ಹೇಗೆಂದು ಮಕ್ಕಳಿಂದ ಚೆನ್ನಾಗಿ ಕಲಿತಿದ್ದೆ.

ತೂತಿನ ಎದುರಿಗೆ, ಮೂರೇ ಅಡಿ ಆಚೆ, ಪಕ್ಕದ ಮನೆಯ ಅಡುಗೆಮನೆ. ಬಾಡಿಗೆಗಿದ್ದವಳು ಕರಾವಳಿ ಕಡೆಯ ನರ್ಸ್. ಬೆಳಿಗ್ಗೆ ಡಬ್ಬಿಗೆ ಮೀನು ಹುರಿದುಕೊಂಡು ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತುತ್ತಿದ್ದಳು. ವಾರದೊಳಗೆ ಅಮ್ಮ ಊಟ ಬಿಟ್ಟಳು. "ಮೀನಿನ ಗಾಳಿ ಬಡಿದ ಒಲೆ ಮೇಲೆ ದೇವರ ನೈವೇದ್ಯ ಮಾಡ್ಲೇನೋ?" ಎಂಬತ್ತರ ಅಮ್ಮನ ಎದುರು ವಾದಿಸುವ ಧೈರ್ಯ ನನಗೆ ಯಾವತ್ತೂ ಇರಲಿಲ್ಲ. ಹಳೇ ಪೇಪರ್ ತುರುಕಿ ಮೇಲೆ ಸಿಮೆಂಟ್ ಬಳಿದೆ. ಅವತ್ತು ಅಮ್ಮ ಎರಡು ಸಲ ಅನ್ನ ಹಾಕಿಸಿಕೊಂಡಳು.

ಆಮೇಲೊಂದು ಸೋಮವಾರ ಬೆಳಿಗ್ಗೆ ನಾನು ತಾರಸಿಯಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದೆ. ಅಮ್ಮ ಒಲೆ ಮೇಲೆ ಹಾಲಿಟ್ಟು, ಮನೆಯ ಆ ತುದಿಯ ಕೋಣೆಯಲ್ಲಿ ಪೂಜೆಗೆ ಕೂತಿದ್ದಳು. ಹಾಲು ಉಕ್ಕಿ ಉರಿ ಆರಿದೆ, ಗ್ಯಾಸ್ ಹೊರಡುತ್ತಲೇ ಇದೆ. ಪೂಜೆ ಮುಗಿಸಿ ಬಂದ ಅಮ್ಮನಿಗೆ ವಾಸನೆ ಬಡಿಯಿತು, ಬಡಿಯಲಿಲ್ಲ ಅಂತಲ್ಲ. ಆದರೆ ನಮ್ಮ ಮನೆಯಲ್ಲಿ ಕೆಟ್ಟ ವಾಸನೆ ಅಂದರೆ ಅದು ಪಕ್ಕದ ಮನೆಯದೇ ಎಂದು ತೀರ್ಮಾನವಾಗಿಬಿಟ್ಟಿತ್ತು. ಬೈಯಲೆಂದು ಕಿಟಕಿ ತೆಗೆದಳು. ಫ್ಯಾನ್ ಹಾಕಲು ಇನ್ನೊಂದು ಕೈ ಸ್ವಿಚ್ಚಿಗೆ ಹೋಯಿತು.

ತೆಗೆದ ಕಿಟಕಿಯಿಂದ ಗ್ಯಾಸ್ ಎದುರಿನವಳ ಮೂಗಿಗೆ ಹೊಡೆಯಿತು. "ಆಂಟಿ, ಸ್ವಿಚ್ ಮುಟ್ಬೇಡಿ! ಗ್ಯಾಸು!" ಎಂದು ಕಿರುಚಿದಳು. ಅಮ್ಮನಿಗೆ ಕಿವಿ ಮಂದ. ಆ ನರ್ಸ್ ಎರಡೂ ಕೈ ಬೀಸಿ ಬೇಡ ಬೇಡವೆಂದು ಸನ್ನೆ ಮಾಡಿದಳು. ತನಗೇ ಎದುರುತ್ತರ ಕೊಡುತ್ತಿದ್ದಾಳೆಂದು ಅಮ್ಮನ ಪಿತ್ತ ನೆತ್ತಿಗೇರಿತು. ಸ್ವಿಚ್ ಬಿಟ್ಟು ಕಿಟಕಿಯ ಸರಳು ಹಿಡಿದು ಬೈಯತೊಡಗಿದಳು. ಅಮ್ಮ ಇವತ್ತು ಬದುಕಿರುವುದು ಆ ಬೈಗುಳದಿಂದ.

ಕೂಗು ಕೇಳಿ ನಾನು ಇಳಿದು ಬರುವಷ್ಟರಲ್ಲಿ ಆ ಹುಡುಗಿ ಮುಂಬಾಗಿಲಿಂದ ನುಗ್ಗಿ, ಚಪ್ಪಲಿ ಕಾಲಲ್ಲೇ ಅಡುಗೆಮನೆ ಹೊಕ್ಕು, ಅಮ್ಮನನ್ನು ಆಚೆ ಎಳೆದು, ವಾಲ್ವ್ ತಿರುಗಿಸಿದ್ದಳು. ಅವಳ ಬೆರಳುಗಳಲ್ಲಿ ಇನ್ನೂ ಮಸಾಲೆ ಅಂಟಿತ್ತು.

"ಮೇಲೆ ಒಂದು ತೂತು ಇರ್ಬೇಕಲ್ವಾ ಸಾರ್?" ಎಂದು ತಲೆಯೆತ್ತಿದಳು. ಸಿಮೆಂಟ್ ಕಂಡಿತು. ಆಮೇಲೆ ಕಿಟಕಿಯಾಚೆ ತನ್ನ ಒಲೆಯ ಕಡೆ ನೋಡಿದಳು. ಹಾಗೇ ಹೊರಟುಹೋದಳು. ಅವಳು ಎರಡು ಮಾತು ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು.

ವಾಸನೆ ಪೂರ್ತಿ ಹೋದ ಮೇಲೆ ಅಮ್ಮ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆ ತೊಳೆಯಲು ನಿಂತಳು. ಆ ಹುಡುಗಿ ನಿಂತ ಜಾಗ, ಮುಟ್ಟಿದ ಕಟ್ಟೆ, ತಿರುಗಿಸಿದ ವಾಲ್ವ್, ಎಲ್ಲಕ್ಕೂ ಅರಿಶಿನದ ನೀರು. ಬಕೆಟ್ ತುಂಬಿ ತಂದು ಕೊಡುತ್ತಿದ್ದವನು ನಾನು. ಪ್ರಾಣ ಉಳಿಸಿದವಳ ಹೆಜ್ಜೆ ಒರೆಸಲು ನೀರು ಹೊತ್ತೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಆದರೂ ಹೊತ್ತೆ.

ಅಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಪಿ ಮೆಷಿನ್.

"ಆಂಟಿ ತುಂಬಾ ಗಾಬರಿಯಾಗಿದ್ರು, ಬಿಪಿ ನೋಡೋಣ ಅಂತ..." ಎಂದವಳು ನನ್ನ ಕೈಯ ಬಕೆಟ್ ನೋಡಿದಳು, ಹಳದಿ ನೀರು ನೋಡಿದಳು. ಮೆಷಿನ್ನನ್ನು ಹೊಸ್ತಿಲಾಚೆ ಮೆಲ್ಲಗೆ ಇಟ್ಟಳು. "ಪಟ್ಟಿ ತೋಳಿಗೆ ಸುತ್ತಿ ಬಟನ್ ಒತ್ತಿ ಸಾರ್. ನೀವೇ ನೋಡಿ. ನಾನು ಮುಟ್ಟೋದು ಬೇಡ."

ಅವಳು ಗೇಟು ದಾಟಿದಳು.

"ಯಾರೋ ಅದು?" ನಾನು ಬಾಗಿಲ ಕಡೆ ನೋಡುತ್ತಿದ್ದುದು ಕಂಡು ಅಮ್ಮ ಒಳಗಿಂದ ಕೇಳಿದಳು.

"ಯಾರೂ ಇಲ್ಲಮ್ಮ" ಅಂದೆ.